ಗಿರಿಗೆ ಹೋಗೋದಾದ್ರೆ ನಡೆದೇ ಹೋಗಿ, ಅಕ್ಕಾ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಸಂಜೆ ಗಿಡಗಳಿಗೆ ನೀರು ಬಿಡುವ ಹೊತ್ತಿಗೆ ಆ ಕಡೆಯಿಂದ ಅಕ್ಕ ಬಂದು ನಿಂತರೆಂದರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಕಪಿಲೆಗೆ ಎಷ್ಟು ನೀರು ಬಂತು, ಹತ್ತಿಗೆ ಏನು ರೇಟು ನಡೀತಿದೆ, ಶುಂಠಿಗೆ ಕೊಳೆ ರೋಗ ಬಿತ್ತಾ, ನುಗು ನಾಲೆಗೆ ನೀರು ಬಿಟ್ಟರಾ, ಇವೆಲ್ಲ ಮುಗಿದ ಮೇಲೇ ಅಸಲು ಮಾತು ಶುರು. ಮೊನ್ನೆ ಅಕ್ಕ ತೆಗೆದದ್ದು ಮಾತ್ರ ಹೊಸ ವಿಷಯ.

“ಮೇಷ್ಟ್ರೇ, ನಮ್ ತಂಗಿ ಮಗ ಜಪಾನ್‌ನಲ್ಲವ್ನಲ್ಲ, ಅಲ್ಲೊಂದು ಬೆಂಕಿ ಬೆಟ್ಟ ಹತ್ತಿದ್ನಂತೆ. ಫೋಟೋ ಕಳ್ಸವ್ನೆ, ನೋಡಿ. ಅವ್ನಿಗೇನು ಮುಂಚೆ ಬೆಟ್ಟ ಹತ್ತಿ ರೂಢಿ ಇರ್ಲಿಲ್ಲ. ನಮ್ ಕಡೆ ಅಂಥ ಬೆಟ್ಟ ಒಂದೂ ಇಲ್ವಾ? ಇದ್ರೆ ನಾನೂ ಒಂದ್ಸಲ ಹತ್ಬೇಕು ಅನ್ನಿಸ್ತದೆ.”

ಫೋನಿನಲ್ಲಿ ಇದ್ದದ್ದು ಫ್ಯೂಜಿ ಪರ್ವತ. 3,776 ಮೀಟರ್ ಎತ್ತರ. ಕೊನೆಯ ಸಲ ಬೆಂಕಿ ಉಗುಳಿದ್ದು 1707ರಲ್ಲಿ. ಜುಲೈನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಮಾತ್ರ ಅಲ್ಲಿ ಜನ ಹತ್ತುತ್ತಾರೆ. ಹಗ್ಗ ಬೇಡ, ಬಂಡೆಗೆ ಮೊಳೆ ಹೊಡೆಯುವ ಕಸರತ್ತು ಬೇಡ. ಅರ್ಧ ಬೆಟ್ಟದವರೆಗೆ ಬಸ್ಸು ಹೋಗುತ್ತದೆ, ಅಲ್ಲಿಂದ ಮೇಲೆ ಕಾಲುದಾರಿ, ನಡುವೆ ತಂಗಲು ಗುಡಿಸಲುಗಳು. ಆಫ್ರಿಕಾದ ಕಿಲಿಮಂಜಾರೊ ಕೂಡ ಇದೇ ಜಾತಿಯದು. 5,895 ಮೀಟರ್ ಇದ್ದರೂ ನಡೆದೇ ಹತ್ತಬಹುದು. ಜ್ವಾಲಾಮುಖಿ ಬೆಟ್ಟಗಳಲ್ಲಿ ಹಲವು ಹೊಸಬರನ್ನು ಕರೆಯುವುದು ಈ ಕಾರಣಕ್ಕೇ: ಸುತ್ತಲ ನೆಲದಿಂದ ಒಂಟಿಯಾಗಿ ಎದ್ದಿರುತ್ತವೆ, ಇಳಿಜಾರು ಒಂದೇ ಸಮನಾಗಿರುತ್ತದೆ, ದಾರಿ ತಪ್ಪುವ ಭಯ ಕಡಿಮೆ. ಕರೆದಷ್ಟೇ ಸುಲಭವಾಗಿ ಕಳಿಸಿಕೊಡುತ್ತವೆ ಅನ್ನುವ ಹಾಗಿಲ್ಲ. ಕಿಲಿಮಂಜಾರೊದ ತುದಿಯಲ್ಲಿ ಸಿಗುವ ಗಾಳಿ ಸಮುದ್ರದಂಡೆಯಲ್ಲಿ ಸಿಗುವುದರ ಅರ್ಧದಷ್ಟು. ಕಾಲಿಗೆ ಎಷ್ಟೇ ಕಸುವಿದ್ದರೂ ಅವಸರ ಮಾಡಿದವರಿಗೆ ತಲೆನೋವು, ವಾಂತಿ ಶುರುವಾಗಿ ವಾಪಸು ಬರಬೇಕಾಗುತ್ತದೆ.

“ಅಕ್ಕಾ, ಈಗಲೂ ಹೊಗೆಯಾಡೋ ಬೆಟ್ಟ ನಮ್ಮ ದೇಶದಲ್ಲಿರೋದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ. ಅಲ್ಲಿ ಯಾರೂ ವಾಸ ಇಲ್ಲ. ಆದ್ರೆ ಯಾವುದೋ ಕಾಲದಲ್ಲಿ ಬೆಂಕಿ ಕಂಡ ಕಲ್ಲಿನ ಬೆಟ್ಟ ಬೇಕು ಅಂದ್ರೆ ಚಿಕ್ಕಮಗಳೂರಿಗೆ ಹೋದ್ರೆ ಸಾಕು. ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ” ಅಂದೆ.

“ಮುಳ್ಳಯ್ಯನಗಿರಿಯಾ? ಅದು ಬೆಂಕಿ ಬೆಟ್ಟವಾ?” ಅಂತ ಅಕ್ಕ ಹುಬ್ಬೇರಿಸಿದರು.

ಅದಕ್ಕೆ ಉತ್ತರ ಹೇಳುವ ಮುಂಚೆ ಬೇಲಿಯ ಬುಡದಲ್ಲಿ ಬಿದ್ದಿದ್ದ ಒಂದು ಕಲ್ಲನ್ನು ಎತ್ತಿ ಅವರ ಕೈಗೆ ಕೊಟ್ಟೆ. ಒಂದು ಹಿಡಿಯಷ್ಟು ಕಲ್ಲು, ಆದರೆ ಕೈ ಕೆಳಗೆ ಜಗ್ಗುವಷ್ಟು ತೂಕ. ಮಣ್ಣು ತೊಳೆದರೆ ಹಸಿರು ಬೆರೆತ ಕಪ್ಪು ಬಣ್ಣ. ಬಿಸಿಲಿಗೆ ಹಿಡಿದು ಸ್ವಲ್ಪ ಓರೆ ಮಾಡಿದರೆ ಒಳಗೆ ಸಣ್ಣಸಣ್ಣ ಕಡ್ಡಿಯಂಥ ಹರಳುಗಳು ಮಿನುಗುತ್ತವೆ. ಉಳುವಾಗ ನೇಗಿಲಿಗೆ ತಾಗಿ ಬೆಂಕಿಕಿಡಿ ಹಾರಿಸುವುದು, ಬದುವಿಗೆ ಸಾಲಾಗಿ ಜೋಡಿಸುವುದು, ನಮ್ಮ ಕಡೆ ಎಲ್ಲರೂ ಕಂಡಿರುವ ಕಲ್ಲೇ ಇದು. ಇಂಥ ಕಪ್ಪು ಕಲ್ಲಿನಲ್ಲಿ ಬಹುಪಾಲು ಒಂದಾನೊಂದು ಕಾಲದಲ್ಲಿ ಭೂಮಿಯ ಒಡಲಿಂದ ಕರಗಿ ಬಂದ ಲಾವಾರಸ. ಆಮೇಲೆ ನೆಲದಾಳದ ಕಾವಿಗೆ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾಯಿಸಿಕೊಂಡಿದೆ.

ನಮ್ಮೂರ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ ಅನ್ನುವುದು ಸರಗೂರಿನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸ್ವಾಮಿನಾಥ್, ರಾಮಕೃಷ್ಣನ್ ಮೊದಲಾದ ವಿಜ್ಞಾನಿಗಳು ದಕ್ಷಿಣ ಕರ್ನಾಟಕದ ಕಲ್ಲುಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದಾಗ, ಅತ್ಯಂತ ಹಳೆಯ ಪದರ ಶಿಲೆಗಳ ಗುಂಪಿಗೆ ‘ಸರಗೂರು ಸಮೂಹ’ ಅಂತ ಹೆಸರಿಟ್ಟರು. 300 ಕೋಟಿ ವರ್ಷಕ್ಕೂ ಹಳೆಯದು. ಭೂಮಿಗೇ ವಯಸ್ಸು ಸುಮಾರು 450 ಕೋಟಿ ವರ್ಷ. ಅದರ ಮೂರನೇ ಎರಡು ಭಾಗವನ್ನು ಕಂಡಿರುವ ಕಲ್ಲು ನಮ್ಮ ಹೊಲದ ಬದುವಿನಲ್ಲಿ, ನಮ್ಮ ಬೇಲಿಯ ಬುಡದಲ್ಲಿ ಬಿದ್ದಿದೆ. ಮೇಷ್ಟ್ರಾಗಿದ್ದ ಕಾಲದಲ್ಲಿ ಮಕ್ಕಳಿಗೆ ನಾನು ತಪ್ಪದೆ ಹೇಳುತ್ತಿದ್ದ ಸಂಗತಿಗಳಲ್ಲಿ ಇದು ಒಂದು. ಈಗಲೂ ಹೇಳುವಾಗ ಮೈ ಝುಮ್ಮೆನ್ನುತ್ತದೆ.

“ಹಂಗಾದ್ರೆ ಮುಳ್ಳಯ್ಯನಗಿರಿ ನಮ್ಮೂರ ಕಲ್ಲಿಗಿಂತ ಚಿಕ್ಕದು ಅನ್ನಿ” ಅಂದರು ಅಕ್ಕ.

ವಯಸ್ಸಿನಲ್ಲಿ ಚಿಕ್ಕದು, ಹೌದು. ಮುಳ್ಳಯ್ಯನಗಿರಿ ಇರುವ ಬಾಬಾಬುಡನ್ ಸಾಲಿನ ಕಲ್ಲುಗಳು ಸುಮಾರು 270ರಿಂದ 290 ಕೋಟಿ ವರ್ಷದವು. ಆ ಸಾಲಿನ ಕೆಳಗಿನ ಪದರಗಳಿಗೆ ವಿಜ್ಞಾನಿಗಳು ಅಲ್ಲಿನ ಊರುಗಳ ಹೆಸರನ್ನೇ ಇಟ್ಟಿದ್ದಾರೆ: ಕಳಸಾಪುರ, ಅಲ್ಲಂಪುರ, ಸಂತವೇರಿ. ಅವುಗಳಲ್ಲಿ ಮತ್ತೆ ಮತ್ತೆ ಹರಿದು ಹೆಪ್ಪುಗಟ್ಟಿದ ಲಾವಾ ಇದೆ. ಲಾವಾ ಆರುವಾಗ ಒಳಗಿದ್ದ ಗಾಳಿಗುಳ್ಳೆಗಳು ಉಳಿಸಿದ ತೂತುಗಳಲ್ಲಿ ಬೇರೆ ಖನಿಜ ತುಂಬಿಕೊಂಡು ಬಿಳಿ ಚುಕ್ಕೆಗಳಾಗಿರುವುದೂ ಕಾಣುತ್ತದೆ. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಮುಳ್ಳಯ್ಯನಗಿರಿಯದೇ ಹೆಸರು. ಅದು ಲಾವಾ ಅಲ್ಲ, ಕಬ್ಬಿಣದ ಪಟ್ಟೆಶಿಲೆ. ಆ ಕಬ್ಬಿಣ ಅಂದಿನ ಕಡಲ ನೀರಿನಲ್ಲಿ ಕರಗಿದ್ದು, ತಳಕ್ಕೆ ಇಳಿದು, ಪದರಪದರವಾಗಿ ಕೂತು ಕಲ್ಲಾಯಿತು. ಇವತ್ತು ಕರ್ನಾಟಕದ ನೆತ್ತಿ ಅಂತ ನಾವು ಹೇಳುವ ಜಾಗ ಒಂದು ಕಾಲಕ್ಕೆ ಕಡಲ ತಳ. ಅದರ ಬುಡದಲ್ಲಿ ಬೆಂಕಿ, ನೆತ್ತಿಯಲ್ಲಿ ನೀರು ಕಟ್ಟಿದ ಕಬ್ಬಿಣ.

ನಕ್ಷೆಯಲ್ಲಿ ನೋಡಿದರೆ ಇಡೀ ಸಾಲು ಅರ್ಧಚಂದ್ರದಂತೆ ಬಾಗಿ ಜಾಗರ ಕಣಿವೆಯನ್ನು ಸುತ್ತುವರಿದಿದೆ. ಚಂದ್ರದ್ರೋಣ ಪರ್ವತ ಅನ್ನುವುದೂ ಇದನ್ನೇ. ಆ ಬಾಗು ಕಂಡು ಅದು ಜ್ವಾಲಾಮುಖಿಯ ಬಾಯಿ ಅಂದುಕೊಳ್ಳುವವರಿದ್ದಾರೆ. ಅದು ಬಾಯಿಯಲ್ಲ. ಪದರಗಳು ಮಡಿಚಿಕೊಂಡು, ಮೆತ್ತಗಿನ ಕಲ್ಲು ಸವೆದುಹೋಗಿ, ಗಟ್ಟಿ ಕಬ್ಬಿಣದ ಕಲ್ಲು ಏಣಾಗಿ ನಿಂತ ಆಕಾರ ಅದು. ಅಸಲಿ ಜ್ವಾಲಾಮುಖಿಗಳ ಬಾಯಿ ಎಂದೋ ಅಳಿಸಿಹೋಗಿದೆ, ಅವು ಉಗುಳಿದ್ದು ಮಾತ್ರ ಉಳಿದಿದೆ. ಲಾವಾ ನೋಡಲು ನಮ್ಮ ರಾಜ್ಯದಲ್ಲಿ ಬೇರೆ ಜಾಗಗಳೂ ಇವೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬಕಂಬವಾಗಿ ಸೀಳಿದ ಲಾವಾ ಇದೆ. ಆದರೆ ಹತ್ತಬೇಕು ಅನ್ನುವವರಿಗೆ, ಅದೂ ಎತ್ತರಕ್ಕೆ ಹತ್ತಬೇಕು ಅನ್ನುವವರಿಗೆ, ಗಿರಿಯೇ ಸರಿ.

“ಕಲ್ಲಿನ ಮಾತು ಆಯ್ತು. ನನ್ ಕಾಲಿನ ಮಾತು ಹೇಳಿ. ಆಯ್ತದಾ ನನ್ ಕೈಲಿ?”

ಇದು ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ ಅಂದೆ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುತ್ತದಲ್ಲ, ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ ಅಂತ, ಅದು ಸಮುದ್ರಮಟ್ಟದಿಂದ ಇರುವ ಎತ್ತರ. ನಮ್ಮೂರಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಚಾಮುಂಡಿ ಬೆಟ್ಟ ಸುಮಾರು 3,400 ಅಡಿ. ಪಿರಿಯಾಪಟ್ಟಣದ ಬೆಟ್ಟದಪುರ 4,300 ಅಡಿಗೂ ಮಿಗಿಲು. ಹಿಮವದ್ ಗೋಪಾಲಸ್ವಾಮಿ ಬೆಟ್ಟ 4,770 ಅಡಿ. ಮುಳ್ಳಯ್ಯನಗಿರಿ 6,330 ಅಡಿ, ಅಂದರೆ 1,930 ಮೀಟರ್. ಗಾಳಿ ತೆಳುವಾಗಿ ತಲೆ ಸುತ್ತುವ ಕಾಟ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಆದ್ದರಿಂದ ಗಿರಿಯಲ್ಲಿ ಆ ಭಯವಿಲ್ಲ. ಎತ್ತರದ ಬೆಟ್ಟ ಹತ್ತಿದ ಸುಖವೂ ಸಿಗುತ್ತದೆ, ಮೈಗೆ ಆಪತ್ತೂ ಇಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬೆಟ್ಟವನ್ನು ನಾನಂತೂ ಹೇಳಲಾರೆ.

ಆದರೆ ನೇರವಾಗಿ ಅಲ್ಲಿಗೆ ಹೋಗಬೇಡಿ. ಕಾಲಿಗೆ ಮೊದಲು ನಮ್ಮ ಬೆಟ್ಟಗಳ ರೂಢಿಯಾಗಲಿ. ಚಿಕ್ಕದೇವಮ್ಮನ ಬೆಟ್ಟ ಮನೆ ಬಾಗಿಲಲ್ಲೇ ಇದೆ. ದೇವಿಗೆ ಕೈಮುಗಿಯಲು ಹೇಗೂ ಹೋಗುತ್ತೀರಿ, ಗಾಡಿಯಲ್ಲಿ ಹೋಗುವ ಬದಲು ಬುಡದಿಂದ ನಡೆದು ಹೋಗಿ. ಅದು ಸಲೀಸಾದ ಮೇಲೆ ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟದ ಮೆಟ್ಟಿಲು. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು ಇವತ್ತಿಗೂ ಸಾವಿರಾರು ಜನರ ಉಸಿರು ಪಳಗಿಸುತ್ತಿವೆ. ದೊಡ್ಡ ನಂದಿಯ ಹತ್ತಿರ ಕೂತು ದಣಿವಾರಿಸಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಆಮೇಲೆ ಬೆಟ್ಟದಪುರ. ಚೆಂಗಾಳ್ವರ ಕಾಲದಿಂದ ಹೆಸರಾದ ಬೆಟ್ಟ, ಮೇಲೆ ಸಿಡಿಲು ಮಲ್ಲಿಕಾರ್ಜುನ ಸ್ವಾಮಿ. ಮೆಟ್ಟಿಲು ಮೂರು ಸಾವಿರಕ್ಕೂ ಹೆಚ್ಚು ಅಂತ ಊರವರ ಮಾತು. ಕಡಿದಾಗಿ ಏರುತ್ತವೆ, ನಡುವೆ ನೆರಳು ಕಡಿಮೆ. ಅದನ್ನು ಹತ್ತಿ ಇಳಿದು, ಮಾರನೇ ದಿನ ಎದ್ದು ಎಂದಿನಂತೆ ಕೊಟ್ಟಿಗೆ ಕೆಲಸ ಮಾಡಲು ಆದರೆ ಗಿರಿಗೆ ನಿಮ್ಮ ಕಾಲು ತಯಾರಾಗಿದೆ ಅಂತಲೇ ಲೆಕ್ಕ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದೆ. ಅಭ್ಯಾಸ ಅಂತ ಬಂಡೀಪುರ, ನಾಗರಹೊಳೆ ಕಾಡಂಚಿನ ಗುಡ್ಡ ಹತ್ತಲು ಹೋಗಬಾರದು. ಅದು ಆನೆ, ಹುಲಿ ಓಡಾಡುವ ಜಾಗ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೋಪಾಲಸ್ವಾಮಿ ಬೆಟ್ಟಕ್ಕೂ ಸ್ವಂತ ಗಾಡಿ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಅದು ಸರಿಯಾದ ಕಟ್ಟಳೆ. ಅಲ್ಲಿ ದೇವರ ದರ್ಶನ ಮಾಡಿ ಬನ್ನಿ, ನಡಿಗೆ ಬೇರೆ ಕಡೆ ಇಟ್ಟುಕೊಳ್ಳಿ.

“ನಡಿಯೋದ್ರಲ್ಲಿ ಏನೈತೆ ಕಲಿಯೋದು? ದಿನಾ ಹೊಲಕ್ಕೆ ನಡೀತೀನಲ್ಲ” ಅಂದರು.

ಹೊಲಕ್ಕೆ ನಡೆಯುವ ಕಾಲು ದೊಡ್ಡ ಆಸ್ತಿ. ಪಟ್ಟಣದಲ್ಲಿ ಕುರ್ಚಿಯ ಮೇಲೆ ಕೂತು ದಿನ ಕಳೆಯುವವರಿಗಿಂತ ಅಕ್ಕನ ಮಂಡಿ, ಸೊಂಟ ಎಷ್ಟೋ ಗಟ್ಟಿ. ನಾಟಿ, ಕಳೆ, ಹತ್ತಿ ಬಿಡಿಸುವುದು, ಹುಲ್ಲಿನ ಹೊರೆ, ಇವೆಲ್ಲ ಮಾಡಿದ ಮೈ. ಆದರೆ ಸಮತಟ್ಟಿನ ನಡಿಗೆಯೇ ಬೇರೆ, ಏರುವ ನಡಿಗೆಯೇ ಬೇರೆ. ಹೊಸಬರು ಮೊದಲ ಕಾಲು ಗಂಟೆಯಲ್ಲೇ ಜೋರಾಗಿ ಹತ್ತಿ, ಎದೆ ಹೊಡೆದುಕೊಂಡು, “ನನ್ನ ಕೈಲಿ ಆಗಲ್ಲ” ಅಂತ ಕೂತುಬಿಡುತ್ತಾರೆ. ಕೆಡುವುದೇ ಅಲ್ಲಿ. ಮೊದಲ ಕಾಲು ಗಂಟೆ ಬೇಕಂತಲೇ ನಿಧಾನವಾಗಿ ನಡೆಯಬೇಕು. ಎಷ್ಟು ನಿಧಾನ ಅಂದರೆ, ಪಕ್ಕದವರ ಜೊತೆ ಈಗ ಬೇಲಿಯ ಹತ್ತಿರ ಆಡುವ ಹಾಗೆ ಮಾತಾಡಲು ಆಗಬೇಕು. ಒಂದು ವಾಕ್ಯ ಮುಗಿಸುವ ಮುಂಚೆ ಉಸಿರು ಸಿಕ್ಕಿಹಾಕಿಕೊಂಡರೆ ಹೆಜ್ಜೆ ಇನ್ನೂ ಕಿರಿದು ಮಾಡಿ. ನಿಂತು ನಿಂತು ಓಡುವುದಕ್ಕಿಂತ ಒಂದೇ ಸಮನೆ ಮೆಲ್ಲಗೆ ಹೋಗುವವರೇ ಮೊದಲು ಮುಟ್ಟುತ್ತಾರೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಬೇಕು, ಗಟ್ಟಿಗರು ಹಿಂದೆ ಇರಬೇಕು. ಹಾಗಾದರೆ ಯಾರೂ ಒಂಟಿಯಾಗುವುದಿಲ್ಲ.

ಚಪ್ಪಲಿ ಬೇಡ. ಬೆರಳಿಗೆ ಬಿಗಿಯದ, ಅಡಿಯಲ್ಲಿ ಗೀರುಗಳಿರುವ ಶೂ ಸಾಕು, ದುಬಾರಿಯದೇ ಆಗಬೇಕಿಲ್ಲ. ಹೊಸ ಶೂ ತಂದು ಅವತ್ತೇ ಹಾಕಿಕೊಂಡರೆ ಹಿಮ್ಮಡಿಯಲ್ಲಿ ಬೊಬ್ಬೆ ಗ್ಯಾರಂಟಿ. ಒಂದು ತಿಂಗಳು ಮುಂಚೆಯೇ ತಂದು ಸಂತೆಗೆ, ಬ್ಯಾಂಕಿಗೆ ಹಾಕಿಕೊಂಡು ಓಡಾಡಬೇಕು. ಸೀರೆ ಉಟ್ಟು ಹತ್ತುವವರೂ ಇದ್ದಾರೆ, ಆದರೆ ಗಿರಿಯ ಗಾಳಿಗೆ ಚೂಡಿದಾರ್ ಅನುಕೂಲ. ಕೈಗೆ ಒಂದು ಬಿದಿರು ಕೋಲು ಇರಲಿ, ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. ತಲೆಗೆ ಟೋಪಿ, ಒಂದು ಸ್ವೆಟರ್, ಒಂದು ರೇನ್‌ಕೋಟ್. ಛತ್ರಿಯನ್ನು ಆ ಗಾಳಿ ಉಳಿಸುವುದಿಲ್ಲ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು, ಬಾಯಾರುವ ಮುಂಚೆಯೇ ಆಗಾಗ ಗುಟುಕು. ತಿನ್ನಲು ಬಾಳೆಹಣ್ಣು, ಕಡಲೆಕಾಯಿ, ಬೆಲ್ಲ, ಕೊಬ್ಬರಿ. ಬೆಳಿಗ್ಗೆ ಎರಡು ಇಡ್ಲಿ ತಿಂದು ಹೊರಟರೆ ಸಾಕು, ಹೊಟ್ಟೆ ತುಂಬ ಉಂಡು ಹತ್ತಬಾರದು.

ಬಿ.ಪಿ., ಸಕ್ಕರೆ ಕಾಯಿಲೆ, ಎದೆನೋವಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹೊರಡಬಾರದು. ಹತ್ತುವಾಗ ಕಾಲು ನೋಯುವುದು ಸಹಜ. ಎದೆ ಹಿಡಿದುಕೊಂಡರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂತು, ಇಳಿದುಬಿಡಬೇಕು. ಗಿರಿ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

“ಯಾವಾಗ ಹೋದ್ರೆ ಒಳ್ಳೇದು?”

ಅಕ್ಟೋಬರ್‌ನಿಂದ ಜನವರಿವರೆಗೆ. ಜೂನ್, ಜುಲೈ, ಆಗಸ್ಟಿನಲ್ಲಿ ಹತ್ತು ಮಾರು ದೂರ ಏನೂ ಕಾಣದಷ್ಟು ಮಂಜು, ಕಲ್ಲೆಲ್ಲ ಜಾರು, ಗಿಡಗಂಟಿ ಇರುವ ಕಡೆ ಇಂಬಳದ ಕಾಟ. ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ತುಂಡು ಇಡೀ ಗುಡ್ಡವನ್ನೇ ಸುಡಬಲ್ಲದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು. ಬೋಳು ಏಣಿನ ಮೇಲೆ ನಿಂತ ಮನುಷ್ಯನೇ ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು. ಬೆಟ್ಟದಪುರದಲ್ಲಿ ಸಿಡಿಲೇ ಬಂದು ಲಿಂಗಕ್ಕೆ ಪೂಜೆ ಸಲ್ಲಿಸುತ್ತದೆ ಅಂತ ನಂಬುವ ಜನ ನಾವು. ಎತ್ತರದ ಜಾಗಕ್ಕೂ ಸಿಡಿಲಿಗೂ ಇರುವ ನಂಟು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಮೋಡ ಕಪ್ಪಾಗಿ ಗುಡುಗು ಕೇಳಿದ ಕೂಡಲೇ ತುದಿಯ ಆಸೆ ಬಿಟ್ಟು ಇಳಿಯಬೇಕು. ಯಾವ ತಿಂಗಳಾದರೂ ಬೆಳಗಿನ ಆರೂವರೆ, ಏಳಕ್ಕೆ ಹೆಜ್ಜೆ ಹಾಕಲು ಶುರು ಮಾಡಿದರೆ ಬಿಸಿಲೇರುವ ಮುಂಚೆ ಮೇಲಿರಬಹುದು. ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿಯಂತೆ ತಂಪು ಏರುತ್ತದೆ. ಗಿರಿ ನಮ್ಮೂರಿಗಿಂತ ನಾಲ್ಕು ಸಾವಿರ ಅಡಿ ಮೇಲಿದೆ, ಅಂದರೆ ಏಳೆಂಟು ಡಿಗ್ರಿ ಚಳಿ ಜಾಸ್ತಿ. ಬೆವೆತ ಮೈಗೆ ಆ ಗಾಳಿ ತಾಗಿದರೆ ನಡುಕ ಬರುತ್ತದೆ. ಸ್ವೆಟರ್ ಇರಲಿ ಅಂದದ್ದು ಅದಕ್ಕೇ.

ನಮ್ಮಿಂದ ದಾರಿ ಸುಲಭ. ಎಚ್.ಡಿ. ಕೋಟೆ, ಹುಣಸೂರು, ಕೆ.ಆರ್. ನಗರ, ಹೊಳೆನರಸೀಪುರ, ಹಾಸನ, ಬೇಲೂರು, ಚಿಕ್ಕಮಗಳೂರು. ಸುಮಾರು ಇನ್ನೂರು ಕಿಲೋಮೀಟರ್. ಹಿಂದಿನ ದಿನವೇ ಹೋಗಿ ಚಿಕ್ಕಮಗಳೂರಿನಲ್ಲಿ ಉಳಿದುಕೊಳ್ಳುವುದು ವಾಸಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಬೆಟ್ಟ ಹತ್ತುವುದು ಬೇಡ. ಗಿರಿಗೆ ಹೋಗುವ ವಾಹನಗಳಿಗೆ ಈಗ ಜಿಲ್ಲಾಡಳಿತ ಮಿತಿ ಹಾಕಿದೆ, ಮೊದಲೇ ನೋಂದಾಯಿಸಿಕೊಳ್ಳಬೇಕು. ದತ್ತ ಜಯಂತಿಯ ಹೊತ್ತಿನಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ. ನಡೆದು ಹತ್ತುವವರು ಅರಣ್ಯ ಇಲಾಖೆಯ ಅನುಮತಿಯ ವಿಚಾರವನ್ನೂ ಹೊರಡುವ ಮುಂಚೆ ವಿಚಾರಿಸಿಕೊಳ್ಳಬೇಕು.

“ಮೇಷ್ಟ್ರೇ, ಮೇಲ್ಗಂಟ ರೋಡೇ ಐತಂತಲ್ಲ. ಕಾರ್ ಹೋಯ್ತದಂತೆ. ಮತ್ಯಾಕೆ ನಡೀಬೇಕು?”

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ರಸ್ತೆ ಇದೆ, ನಿಜ. ಗಾಡಿ ನಿಲ್ಲಿಸುವ ಜಾಗದಿಂದ ಕೆಲವು ನೂರು ಮೆಟ್ಟಿಲು ಹತ್ತಿದರೆ ತುದಿ. ಮುದುಕರು, ಕೈಕಾಲಿಗೆ ತೊಂದರೆ ಇರುವವರು, ಎಳೆ ಮಕ್ಕಳು ಆ ರಸ್ತೆಯಲ್ಲಿ ಹೋಗಿ ಗಿರಿ ನೋಡುವುದು ಸಂತೋಷದ ವಿಷಯ. ರಸ್ತೆ ಅವರಿಗಾಗಿ ಇರಲಿ. ನಡೆಯಬಲ್ಲವರೂ ಅದೇ ರಸ್ತೆಯಲ್ಲಿ ಕಾರು ಸಾಲುಗಟ್ಟಿ ನಿಲ್ಲಿಸಿ, ಗಂಟೆಗಟ್ಟಲೆ ಹೊಗೆ ಕುಡಿದು, ಮೇಲೆ ಹೋಗಿ ನಾಲ್ಕು ಫೋಟೋ ತೆಗೆದು, ಚಿಪ್ಸಿನ ಪ್ಯಾಕೆಟ್ ಎಸೆದು ಇಳಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರು ಗಿರಿಗೆ ಹೋಗಿಯೂ ಗಿರಿಯನ್ನು ಕಂಡಿಲ್ಲ.

ಕಾಲುದಾರಿಗೆ ಸರ್ಪದಾರಿ ಅಂತಾರೆ. ರಸ್ತೆಯ ಪಕ್ಕದಿಂದಲೇ ಶುರುವಾಗಿ ಹುಲ್ಲಿನ ಏಣಿನ ಮೇಲೆ ಅಂಕುಡೊಂಕಾಗಿ ಮೂರು ನಾಲ್ಕು ಕಿಲೋಮೀಟರ್ ಏರುತ್ತದೆ. ಹೊಸಬರಿಗೆ ಎರಡು ಗಂಟೆ, ಕೂತು ಕೂತು ಹೋದರೆ ಎರಡೂವರೆ. ಮೊದಲ ಭಾಗವೇ ಕಡಿದು. ಅದು ದಾಟಿದ ಮೇಲೆ ಏಣಿನ ಎರಡೂ ಕಡೆ ನೆಲ ಕೆಳಗಿಳಿಯುತ್ತಾ ಹೋಗುತ್ತದೆ. ಬಯಲಲ್ಲಿ ಬರೀ ಹುಲ್ಲು, ಗುಡ್ಡದ ಮಡಿಲುಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಮಳೆಗಾಲದ ನೀರನ್ನು ಆ ಹುಲ್ಲೂ ಕಾಡೂ ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಹಿರಿಯೂರಿನ ವಾಣಿ ವಿಲಾಸ ಸಾಗರ ತುಂಬಿಸುವ ವೇದಾವತಿ ಹುಟ್ಟುವುದು ಈ ಸಾಲಿನಲ್ಲೇ. ಬೇಲೂರಿನ ಪಕ್ಕ ಹರಿಯುವ ಯಗಚಿಯೂ ಇಲ್ಲಿಂದಲೇ ಇಳಿಯುತ್ತಾಳೆ. ಯಗಚಿ ಹೇಮಾವತಿಗೆ ಸೇರಿ, ಹೇಮಾವತಿ ಕನ್ನಂಬಾಡಿಯಲ್ಲಿ ಕಾವೇರಿಗೆ ಸೇರಿ, ಆ ಕಾವೇರಿಗೆ ತಿರುಮಕೂಡಲಿನಲ್ಲಿ ನಮ್ಮ ಕಪಿಲೆ ಸೇರುತ್ತಾಳೆ. ಗಿರಿಯಿಂದ ಯಗಚಿಗೆ ಇಳಿದ ಮಳೆಯೂ ನಮ್ಮ ಸರಗೂರಿನ ದಡ ಸವರಿ ಹೋದ ನೀರೂ ಕೊನೆಗೆ ಒಂದೇ ನದಿ. ಅಲ್ಲಿ ಎಸೆದ ಪ್ಲಾಸ್ಟಿಕ್ಕು ಯಾರದೋ ಊರಿನ ಕೊಳೆಯಲ್ಲ, ನಮ್ಮದೇ ಹೊಳೆಯ ಕೊಳೆ.

ದಾರಿಯಲ್ಲಿ ಒಂದು ಕಡೆ ಕೂತು ನೆಲದ ಕಲ್ಲನ್ನು ನೋಡಿ ಅಂದೆ ಅಕ್ಕನಿಗೆ. ಮೇಲಕ್ಕೆ ಹೋದಂತೆ ಕಲ್ಲಿನ ಬಣ್ಣ ಬದಲಾಗುತ್ತದೆ. ತುದಿಯ ಹತ್ತಿರ ಸಿಗುವ ಪಟ್ಟೆಶಿಲೆಯನ್ನು ಕೈಯಲ್ಲಿ ಹಿಡಿದರೆ ಇಳಕಲ್ ಸೀರೆಯ ಅಂಚಿನ ಹಾಗೆ ಒಂದು ಗೆರೆ ಕೆಂಪು, ಒಂದು ಗೆರೆ ಉಕ್ಕಿನ ಬೂದು, ಮತ್ತೆ ಕೆಂಪು. ಬೂದುಗೆರೆ ಕಬ್ಬಿಣ, ಕೆಂಪುಗೆರೆ ತುಕ್ಕು ಬೆರೆತ ಬೆಣಚು. ಬೆರಳಾಡಿಸಿದರೆ ಬೆರಳಿಗೂ ಕೆಂಪು ಮೆತ್ತುತ್ತದೆ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇದೇ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಕಾರಿನಲ್ಲಿ ಹೋದವರ ಕಾಲಿಗೆ ಈ ಕಲ್ಲು ತಾಗುವುದೇ ಇಲ್ಲ. ಕಲ್ಲನ್ನು ನೋಡಿ ಅಲ್ಲೇ ಇಟ್ಟು ಬನ್ನಿ, ಮನೆಗೆ ತರಬೇಡಿ. ಎಲ್ಲರೂ ಒಂದೊಂದು ತಂದರೆ ಮುಂದೆ ಬರುವವರಿಗೆ ಏನುಳಿದೀತು?

ಕುರಿಂಜಿ ಹೂವಿನ ಮಾತೂ ಬಂತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2022ರಲ್ಲಿ ಈ ಗಿರಿಸಾಲಿನಲ್ಲಿ ಅರಳಿ ಗುಡ್ಡಕ್ಕೆ ಗುಡ್ಡವೇ ನೀಲಿಯಾಗಿತ್ತು. ಹೂವು ಕೀಳಲು, ಗಿಡದ ನಡುವೆ ನುಗ್ಗಿ ಫೋಟೋ ತೆಗೆಯಲು ಮುಗಿಬಿದ್ದವರೂ ಇದ್ದರು. ಹನ್ನೆರಡು ವರ್ಷ ಕಾದ ಗಿಡ ಬೀಜ ಕಟ್ಟದೆ ಹೋದರೆ ಆ ತಲೆಮಾರೇ ಹೋದಂತೆ. ಹೂವನ್ನು ದೂರದಿಂದ ನೋಡಿ ಕಣ್ತುಂಬಿಸಿಕೊಳ್ಳುವುದನ್ನು ನಾವು ಮಕ್ಕಳಿಗೆ ಕಲಿಸಬೇಕು.

ತುದಿಯಲ್ಲಿ ಮುಳ್ಳಪ್ಪ ಸ್ವಾಮಿಯ ಗುಡಿ ಇದೆ. ಇಲ್ಲಿ ತಪಸ್ಸು ಮಾಡಿದ ಸಾಧು ಅಂತ ಪ್ರತೀತಿ. ಹಣ್ಣುಕಾಯಿ ಮಾಡಿಸಿ, ಗುಡಿಯ ಗೋಡೆಯ ಮರೆಯಲ್ಲಿ ಗಾಳಿ ತಪ್ಪಿಸಿ ಕೂತುಕೊಳ್ಳಿ. ಮಂಜು ಸರಿದರೆ ಒಂದು ಕಡೆ ಬಾಬಾಬುಡನ್‌ಗಿರಿಯ ಸಾಲು. ಹದಿನೇಳನೇ ಶತಮಾನದಲ್ಲಿ ಯೆಮನ್ ದೇಶದಿಂದ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ನೆಟ್ಟರು ಅಂತ ಹೇಳುವುದು ಅಲ್ಲೇ. ಕೆಳಗೆ ಕಾಣುವ ತೋಟಗಳ ಕಥೆ ಶುರುವಾಗುವುದು ಆ ಏಳು ಬೀಜದಿಂದ. ಬರುವ ದಾರಿಯಲ್ಲಿ ಸೀತಾಳಯ್ಯನಗಿರಿಯಲ್ಲಿ ಸೀತಾಳ ಮಲ್ಲಿಕಾರ್ಜುನನ ಗುಡಿಯನ್ನೂ ನೋಡಬಹುದು.

ಹತ್ತುವುದು ಅರ್ಧ ಕೆಲಸ, ಇಳಿಯುವುದು ಇನ್ನರ್ಧ. ಹೆಚ್ಚಿನವರು ಬೀಳುವುದು, ಕಾಲು ಉಳುಕಿಸಿಕೊಳ್ಳುವುದು ಇಳಿಯುವಾಗಲೇ. ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ. ಮಂಡಿಯನ್ನು ಕೊಂಚ ಬಗ್ಗಿಸಿಯೇ ಇಟ್ಟು, ಸಣ್ಣಸಣ್ಣ ಹೆಜ್ಜೆ ಇಟ್ಟು, ಕೋಲನ್ನು ಮುಂದೂರಿ ಇಳಿಯಬೇಕು. ಶೂ ದಾರವನ್ನು ಇಳಿಯುವ ಮುಂಚೆಯೇ ಬಿಗಿಯಾಗಿ ಕಟ್ಟಿಕೊಂಡರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುವುದಿಲ್ಲ. ಇಳಿಯಲೂ ಹತ್ತಲು ಬೇಕಾದಷ್ಟೇ ಹೊತ್ತು ಇಟ್ಟುಕೊಳ್ಳಿ. ಹುಡುಗರು ಓಡಿ ಇಳಿಯುತ್ತಾರೆ ಅಂತ ನಾವೂ ಓಡಬಾರದು.

“ಐವತ್ತು ದಾಟಿದೋಳು ನಾನು. ಜನ ಏನಂತಾರೋ ಮೇಷ್ಟ್ರೇ, ಈ ವಯಸ್ಸಲ್ಲಿ ಬೆಟ್ಟ ಹತ್ತಕ್ಕೆ ಹೊಂಟವ್ಳೆ ಅಂತ.”

ಈ ಮಾತಿಗೆ ನಾನು ಸುಮ್ಮನಿರಲಾಗಲಿಲ್ಲ. ನಮ್ಮ ಕಡೆ ಹೆಂಗಸರು ಹರಕೆ ಹೊತ್ತು, ಮಗು ಕಂಕುಳಲ್ಲಿಟ್ಟುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಿ ಚಾಮುಂಡಿ ಬೆಟ್ಟ ಹತ್ತುತ್ತಾರೆ. ಮಹದೇಶ್ವರ ಬೆಟ್ಟಕ್ಕೆ ಊರೂರಿನಿಂದ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಆಗ ಯಾರೂ ವಯಸ್ಸು ಕೇಳುವುದಿಲ್ಲ. ಬೇರೆಯವರಿಗಾಗಿ ಹತ್ತಿದರೆ ಹೊಗಳುವ ಜನ, ತನ್ನ ಸಂತೋಷಕ್ಕೆ ಹತ್ತುತ್ತೇನೆ ಅಂದಾಗ ಮಾತಾಡಿದರೆ ಆಡಿಕೊಳ್ಳಲಿ. ಮಕ್ಕಳನ್ನು ದಡ ಮುಟ್ಟಿಸಿ, ಹೊಲಮನೆ ನೋಡಿಕೊಂಡು ಬಂದ ಹೆಂಗಸಿಗೆ ಒಂದು ದಿನ ರಾಜ್ಯದ ನೆತ್ತಿಯ ಮೇಲೆ ನಿಲ್ಲುವ ಹಕ್ಕು ಖಂಡಿತ ಇದೆ. ಜಪಾನಿನ ಹುಡುಗ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಓಣಿಯ ನಾಲ್ಕು ಜನ ಹೆಂಗಸರನ್ನು ಜೊತೆಮಾಡಿಕೊಂಡರೆ ಒಂದು ಟೆಂಪೋ ಟ್ರಾವೆಲರ್ ಆಯಿತು.

ಓದುವ ನಿಮಗೂ ನಾನು ಹೇಳುವುದು ಇಷ್ಟೇ. ದೂರದ ದೇಶದ ಬೆಂಕಿ ಬೆಟ್ಟಗಳು ದೊಡ್ಡವು, ಹೋಗಲು ಯೋಗ ಬಂದರೆ ಹೋಗಿ. ಅದಕ್ಕೆ ಮುಂಚೆ ನಿಮ್ಮ ಊರಿನ ಗುಡ್ಡವನ್ನು ನಡೆದು ಹತ್ತಿ, ಬೆಟ್ಟದಪುರ ಹತ್ತಿ, ಈ ಮಳೆ ಕಳೆದ ಮೇಲೆ ಒಮ್ಮೆ ಮುಳ್ಳಯ್ಯನಗಿರಿಗೆ ಹೋಗಿ. ಕಾಲು ಗಟ್ಟಿಯಿದ್ದರೆ ಸರ್ಪದಾರಿಯಲ್ಲೇ ಹತ್ತಿ. ನಿಧಾನವಾಗಿ ಹತ್ತಿ, ಹೊತ್ತಿರುವಾಗಲೇ ಇಳಿಯಿರಿ, ತೆಗೆದುಕೊಂಡು ಹೋದ ಕಸವನ್ನೆಲ್ಲ ವಾಪಸು ತನ್ನಿ. ಮನೆಯಲ್ಲಿ ಅಮ್ಮನೋ ಅಕ್ಕನೋ ಅತ್ತೆಯೋ “ನನಗೂ ಆಸೆ” ಅಂದರೆ, ದಯವಿಟ್ಟು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.